ರಸ್ತೆ ಇಲ್ಲದ ಊರಿನ ವಿಮಾನ ನಿಲ್ದಾಣ

"ಅಜ್ಜಾ, ಈ ಊರಿಗೆ ರಸ್ತೇನೇ ಇಲ್ಲ ಅಂದಿದ್ದೆ. ಮತ್ತೆ ಇಷ್ಟೊಂದು ಆಟೋ ಎಲ್ಲಿಂದ ಬಂತು?"

ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಎದುರಿಗೆ ಸಾಲುಸಾಲು ಮೂರು ಚಕ್ರದ ಗಾಡಿಗಳು. ಮುಂಭಾಗ ಮೋಟಾರ್ ಸೈಕಲ್ಲು, ಹಿಂದೆ ಮೂವರು ಕೂರುವ ಬೆಂಚು, ಮೇಲೊಂದು ಚಪ್ಪರ. ಅಲ್ಲಿನವರು ಇದನ್ನು ಮೋಟೋಕಾರ್ ಅನ್ನುತ್ತಾರೆ. ನಮ್ಮ ಆಟೋಗೆ ದೂರದ ನೆಂಟ ಎನ್ನಿ. ಚಾಲಕರೆಲ್ಲ ಒಟ್ಟಿಗೇ ಕೂಗಿ ಕರೆಯುವ ಪರಿ ನೋಡಿದರೆ ಸಾಗರದ ಬಸ್ ನಿಲ್ದಾಣದಲ್ಲೇ ಇಳಿದೆವೇನೋ ಅನ್ನಿಸಬೇಕು.

ಊರಿನ ಹೆಸರು ಇಕಿಟೋಸ್. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಅಮೆಜಾನ್ ನದಿಯ ದಂಡೆಯಲ್ಲಿದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ನಗರ. ಆದರೆ ಹೊರಗಿನ ಯಾವ ನಗರದಿಂದಲೂ ಅಲ್ಲಿಗೆ ರಸ್ತೆಯಿಲ್ಲ. ರಸ್ತೆಯ ಸಂಪರ್ಕವಿಲ್ಲದ ನಗರಗಳಲ್ಲಿ ಜಗತ್ತಿಗೇ ದೊಡ್ಡದು ಇದು ಎನ್ನುತ್ತಾರೆ. ಹೋಗುವುದಿದ್ದರೆ ದಿನಗಟ್ಟಲೆ ದೋಣಿ, ಇಲ್ಲವೇ ವಿಮಾನ. ಮೋಟೋಕಾರುಗಳೂ ಹಾಗೇ ಬಂದವು. ದೊಡ್ಡ ಸರಕು ದೋಣಿಗಳಲ್ಲಿ, ಸಿಮೆಂಟು, ಈರುಳ್ಳಿ, ಫ್ರಿಜ್ಜು, ಕೋಳಿಗಳ ಜೊತೆಗೆ. ಹಾಗೆ ಹೇಳಿದಾಗ ಪುಟ್ಟಿ ಸ್ವಲ್ಪ ಯೋಚಿಸಿ, "ಅಂದ್ರೆ ಈ ಆಟೋಗಳಿಗೆ ಬೇರೆ ಊರೇ ಗೊತ್ತಿಲ್ಲ, ಪಾಪ" ಅಂದಳು.

ನನ್ನ ಮಗ ಪೆರುವಿನ ರಾಜಧಾನಿ ಲಿಮಾದಲ್ಲಿ ಗಣಿ ಯಂತ್ರಗಳ ಕೆಲಸದಲ್ಲಿದ್ದಾನೆ. ಈ ವರ್ಷದ ಫೆಬ್ರವರಿಯಲ್ಲಿ ನಾನೂ ಮನೆಯವಳೂ ಅವನಲ್ಲಿಗೆ ಹೋಗಿದ್ದೆವು. "ಅಪ್ಪ, ಮಾಚು ಪಿಚುಗೆ ಹೋಗೋಣ" ಅಂದ. ಎಪ್ಪತ್ತಾರರ ಮಂಡಿಗೆ ಆ ಮೆಟ್ಟಿಲು ಬೇಡ, ಅಮೆಜಾನ್ ತೋರಿಸು ಅಂದೆ. ಮಗನಿಗೆ ರಜೆ ಸಿಗಲಿಲ್ಲ. ಸೊಸೆ ನಮ್ಮನ್ನು ಕರೆದುಕೊಂಡು ಹೊರಟಳು. ಅಲ್ಲಿನ ಶಾಲೆಯಲ್ಲೇ ಓದುವ ಹನ್ನೊಂದು ವರ್ಷದ ಮೊಮ್ಮಗಳು ನಮ್ಮ ದುಭಾಷಿ. ಸ್ಪ್ಯಾನಿಷ್ ಅವಳ ಬಾಯಲ್ಲಿ ನೀರು ಹರಿದ ಹಾಗೆ ಹರಿಯುತ್ತದೆ. ನನಗೆ ಬರುವುದು "ಗ್ರಾಸಿಯಾಸ್" ಒಂದೇ. ಥ್ಯಾಂಕ್ಸ್ ಅಂತ ಅರ್ಥ. ಅದೊಂದರಲ್ಲೇ ಒಂದು ತಿಂಗಳು ಕಳೆದೆ.

ಲಿಮಾದಿಂದ ಇಕಿಟೋಸಿಗೆ ಆಕಾಶದಲ್ಲಿ ಸುಮಾರು ಸಾವಿರ ಕಿ.ಮೀ. ಎರಡು ಗಂಟೆಯೂ ಬೇಡ. ಆದರೆ ಆ ಅಷ್ಟು ಹೊತ್ತಿನಲ್ಲಿ ಮೂರು ಲೋಕ ದಾಟುತ್ತೀರಿ. ಮೊದಲು ಹುಲ್ಲುಕಡ್ಡಿಯಿಲ್ಲದ ಮರಳುಗಾಡಿನ ಕರಾವಳಿ. ಆಮೇಲೆ ಹಿಮ ಹೊತ್ತ ಆಂಡೀಸ್ ಪರ್ವತ. ಅದು ಮುಗಿದದ್ದೇ ಹಸಿರು. ಕಿಟಕಿಯಲ್ಲಿ ನೋಡುತ್ತ ಕುಳಿತೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಒಂದು ಊರಿಲ್ಲ, ಒಂದು ದಾರಿಯಿಲ್ಲ. ನಡುವೆ ಕಂದು ಬಣ್ಣದ ನದಿಗಳು ಸುತ್ತಿಸುತ್ತಿ ಹರಿಯುತ್ತವೆ. ಚಕ್ಕುಲಿ ಒತ್ತುವಾಗ ಕೈ ನಡುಗಿದರೆ ಹೇಗೆ ಬೀಳುತ್ತದೋ ಹಾಗೆ. ನದಿ ತನ್ನ ಹಳೆಯ ತಿರುವನ್ನು ಬಿಟ್ಟು ಬೇರೆ ದಾರಿ ಹಿಡಿದ ಕಡೆ ಕುದುರೆ ಲಾಳದ ಆಕಾರದ ಕೆರೆಗಳು ಉಳಿದಿರುತ್ತವೆ. ಐದನೆಯ ಕ್ಲಾಸಿನ ಭೂಗೋಳದಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಕಣ್ಣಾರೆ ಕಾಣಲು ನನಗೆ ಅರವತ್ತೈದು ವರ್ಷ ಬೇಕಾಯಿತು.

ಯಾಕೆ ರಸ್ತೆ ಮಾಡಿಲ್ಲ ಎಂಬುದು ಆ ಕಿಟಕಿಯಲ್ಲೇ ಅರ್ಥವಾಗುತ್ತದೆ. ನೆಲ ಅನ್ನುವುದು ಅಲ್ಲಿ ಅರ್ಧ ವರ್ಷ ನೆಲ, ಅರ್ಧ ವರ್ಷ ನೀರು. ಇಂದು ಸೇತುವೆ ಕಟ್ಟಿದ ಕಡೆ ನಾಳೆ ನದಿ ಇರುತ್ತದೆಂಬ ಖಾತ್ರಿಯಿಲ್ಲ. ಮೇಲಾಗಿ ಆ ಕಾಡಿನ ಬಯಲಲ್ಲಿ ಕಲ್ಲೇ ಅಪರೂಪ. ಜಲ್ಲಿ ಬೇಕಿದ್ದರೂ ದೋಣಿಯಲ್ಲಿ ಬರಬೇಕು. ಇಕಿಟೋಸಿನಿಂದ ನೌಟಾ ಎಂಬ ಸಣ್ಣ ಪಟ್ಟಣಕ್ಕೆ ಮಾತ್ರ ಸುಮಾರು 100 ಕಿ.ಮೀ. ಡಾಂಬರು ರಸ್ತೆಯಿದೆ. ಅದನ್ನು ಮುಗಿಸಲೂ ಹಲವು ದಶಕ ಹಿಡಿಯಿತು. ನೌಟಾದಲ್ಲಿ ರಸ್ತೆ ಮುಗಿದು ನದಿ ಶುರುವಾಗುತ್ತದೆ. ಮಾರನ್ಯೋನ್ ಮತ್ತು ಉಕಾಯಾಲಿ ಎಂಬ ಎರಡು ದೊಡ್ಡ ಹೊಳೆಗಳು ಅದರ ಹತ್ತಿರವೇ ಕೂಡುತ್ತವೆ. ಅಲ್ಲಿಂದ ಮುಂದಕ್ಕೆ ಪೆರುವಿನವರು ಅದನ್ನು ಅಮೆಜಾನ್ ಎಂದು ಕರೆಯುತ್ತಾರೆ.

ಲೆಕ್ಕದ ಮನುಷ್ಯ ನಾನು, ಒಂದು ಲೆಕ್ಕ ಹೇಳಿಬಿಡುತ್ತೇನೆ. ಇಕಿಟೋಸಿನಿಂದ ಸಮುದ್ರಕ್ಕೆ ನದಿಯ ದಾರಿಯಲ್ಲಿ ಮೂರೂವರೆ ಸಾವಿರ ಕಿ.ಮೀ.ಗೂ ಹೆಚ್ಚು. ಊರು ಇರುವ ಎತ್ತರ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಅಷ್ಟೇ. ಅಂದರೆ ಈ ಮಹಾನದಿ ಒಂದು ಕಿ.ಮೀ.ಗೆ ಮೂರು ಸೆಂಟಿಮೀಟರಿನಷ್ಟೂ ಇಳಿಯುವುದಿಲ್ಲ. ನಮ್ಮ ಶರಾವತಿ ಜೋಗದಲ್ಲಿ ಒಂದೇ ನೆಗೆತಕ್ಕೆ 253 ಮೀಟರ್ ಇಳಿಯುತ್ತಾಳೆ! ಹೀಗೆ ನಿಧಾನವಾಗಿ, ಆಳವಾಗಿ ಹರಿಯುವುದರಿಂದಲೇ ಸಮುದ್ರದ ಹಡಗುಗಳು ಖಂಡದ ಒಳಗೆ ಅಷ್ಟು ದೂರದವರೆಗೆ ಬರಬಲ್ಲವು.

ವಿಮಾನದ ಮೆಟ್ಟಿಲಿಳಿದು ನಡೆದೇ ಕಟ್ಟಡಕ್ಕೆ ಹೋದೆವು. ಬಾಗಿಲಲ್ಲಿ ನಿಂತಾಗಲೇ ಹಬೆ ಮುಖಕ್ಕೆ ಹೊಡೆಯಿತು. "ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗಾಯ್ತು ನೋಡಿ" ಅಂದಳು ಮನೆಯವಳು. ಎರಡೂವರೆ ಕಿ.ಮೀ. ಉದ್ದದ ಒಂದು ಓಡುಹಾದಿ, ಅದರಾಚೆಗೆ ಗೋಡೆಯ ಹಾಗೆ ಮರಗಳು. ಹೆಸರು ಮಾತ್ರ ನಿಲ್ದಾಣಕ್ಕಿಂತ ಉದ್ದ: ಕರ್ನಲ್ ಫ್ರಾನ್ಸಿಸ್ಕೋ ಸೆಕಾಡಾ ವಿನ್ಯೆಟ್ಟಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. 1932-33ರಲ್ಲಿ ಪೆರುವಿಗೂ ಕೊಲಂಬಿಯಾಕ್ಕೂ ಈ ಕಾಡಿನ ಗಡಿಗಾಗಿ ಜಗಳವಾದಾಗ ವಿಮಾನ ಹಾರಿಸಿ ಹೆಸರಾದ ಯೋಧ ಅವರು. ಅಂತರರಾಷ್ಟ್ರೀಯ ಎಂಬ ಮಾತಿಗೆ ಹಿಂದೆ ಮಯಾಮಿಗೂ ಪನಾಮಾಕ್ಕೂ ಹಾರಿದ ವಿಮಾನಗಳು ಆಧಾರ. ನಾವು ಕಂಡದ್ದೆಲ್ಲ ಪೆರುವಿನೊಳಗೇ ಓಡಾಡುವ ವಿಮಾನಗಳು. ನಮ್ಮ ಮಂಗಳೂರಿನ ನಿಲ್ದಾಣದ ಮುಂದೆ ಇದು ಸಣ್ಣ ಕೂಸು. ಆದರೆ ಮಂಗಳೂರಿನಲ್ಲಿ ವಿಮಾನ ತಪ್ಪಿದರೆ ಬಸ್ಸಿದೆ, ರೈಲಿದೆ. ಇಲ್ಲಿ ತಪ್ಪಿದರೆ ಯೂರಿಮಾಗ್ವಾಸ್ ಅಥವಾ ಪುಕಾಲ್ಪಾಗೆ ಹೋಗುವ ಸರಕು ದೋಣಿ, ಮೂರು-ನಾಲ್ಕು ದಿನ ತೂಗುಮಂಚದ ಮೇಲೆ ಮಲಗುವುದು, ಅಲ್ಲಿಂದ ಲಿಮಾಕ್ಕೆ ಮತ್ತೆ ಬಸ್ಸು.

ಹಿಂದೆ ಇನ್ನೂ ಕಷ್ಟವಿತ್ತು. ನೂರು ವರ್ಷದ ಕೆಳಗೆ ಲಿಮಾದಿಂದ ಇಕಿಟೋಸಿಗೆ ಬರಲು ಆಂಡೀಸ್ ಹತ್ತಿಳಿಯುವುದಕ್ಕಿಂತ, ಹಡಗಿನಲ್ಲಿ ಪನಾಮಾ ಕಡೆಯಿಂದ ಸುತ್ತಿ ಅಟ್ಲಾಂಟಿಕ್ ಸಾಗರಕ್ಕೆ ಬಂದು, ಅಮೆಜಾನಿನ ಬಾಯಿಂದ ಮೇಲಕ್ಕೆ ಬರುವುದೇ ಸಲೀಸು ಎನ್ನುತ್ತಿದ್ದರಂತೆ! ತನ್ನದೇ ದೇಶದ ಊರಿಗೆ ಹೋಗಲು ಖಂಡವನ್ನೇ ಬಳಸುವ ಸುತ್ತು. 1920ರ ದಶಕದ ಕೊನೆಗೆ ಪೆರುವಿನ ನೌಕಾಪಡೆಯವರು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳನ್ನು ತಂದರು. ಈ ಊರಿಗೆ ಆಕಾಶದ ದಾರಿ ತೆರೆದದ್ದು ಆಗ.

ಹಾಗಾದರೆ ಇಂಥ ಮೂಲೆಯಲ್ಲಿ ಇಷ್ಟು ದೊಡ್ಡ ಊರು ಯಾಕೆ ಬೆಳೆಯಿತು? ರಬ್ಬರಿನಿಂದ. 1880ರಿಂದ 1912ರವರೆಗೆ ಜಗತ್ತಿಗೆಲ್ಲ ರಬ್ಬರು ಬೇಕಾಗಿತ್ತು, ರಬ್ಬರ್ ಮರದ ತವರು ಅಮೆಜಾನ್ ಕಾಡು. ದಂಡೆಯ ಮೇಲೆ ಪೋರ್ಚುಗಲ್ಲಿನ ಬಣ್ಣದ ಹೆಂಚುಬಿಲ್ಲೆ ಅಂಟಿಸಿದ ಬಂಗಲೆಗಳು ಎದ್ದವು. ಊರಿನ ಚೌಕದಲ್ಲಿ ಈಗಲೂ ಒಂದು ಕಬ್ಬಿಣದ ಮನೆಯಿದೆ. ಗೋಡೆಯೆಲ್ಲ ಕಬ್ಬಿಣದ ತಗಡು. ಯುರೋಪಿನಿಂದ ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು ಇಲ್ಲಿ ಬೋಲ್ಟು ಬಿಗಿದದ್ದು. ಪ್ಯಾರಿಸ್ಸಿನ ಗೋಪುರ ಕಟ್ಟಿದ ಐಫೆಲ್ಲನೇ ಮಾಡಿದ್ದೆಂದು ಊರವರು ಹೇಳಿಕೊಳ್ಳುತ್ತಾರೆ. ಗಟ್ಟಿ ಪುರಾವೆ ಇಲ್ಲ. ಆ ಸೆಕೆಯಲ್ಲಿ ಕಬ್ಬಿಣದ ಮನೆ ಕಟ್ಟಿದವನ ಬುದ್ಧಿಗೆ ಏನನ್ನಬೇಕು! ದುಡ್ಡು ಹೆಚ್ಚಾದಾಗ ಮನುಷ್ಯ ಏನು ಮಾಡುತ್ತಾನೆಂಬುದನ್ನು ಮೂವತ್ತೆಂಟು ವರ್ಷ ಕೌಂಟರಿನ ಹಿಂದೆ ಕುಳಿತು ನೋಡಿದವನು ನಾನು, ಹಾಗಾಗಿ ಆಶ್ಚರ್ಯವಾಗಲಿಲ್ಲ.

ಆ ದುಡ್ಡಿನ ಹಿಂದೆ ಕಣ್ಣೀರೂ ಇದೆ. ಕಾಡಿನ ಮೂಲನಿವಾಸಿಗಳನ್ನು ಹೊಡೆದು, ಹಸಿವಿನಲ್ಲಿ ಕೆಡವಿ ರಬ್ಬರು ತರಿಸಿದರು. ಪುಟುಮಾಯೋ ನದಿಯ ಕಡೆ ನಡೆದ ಕ್ರೌರ್ಯವನ್ನು ರೋಜರ್ ಕೇಸ್ಮೆಂಟ್ ಎಂಬ ಬ್ರಿಟಿಷ್ ಅಧಿಕಾರಿ 1910ರಲ್ಲಿ ಹೋಗಿ ನೋಡಿ ವರದಿ ಬರೆದ. 1912ರಲ್ಲಿ ಅದು ಪ್ರಕಟವಾದಾಗ ಜಗತ್ತು ತಲ್ಲಣಿಸಿತು. ಮಕ್ಕಳೇ, ದೊಡ್ಡವರಾದ ಮೇಲೆ ಅದನ್ನು ಓದಿ.

ಈ ಕಥೆಗೆ ನಮ್ಮ ಕಡೆಯ ಬಾಲವೊಂದಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜ ಲಂಡನ್ನಿಗೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ, ಮಲಯಾಕ್ಕೆ ಹೋದವು. ಏಷ್ಯಾದ ತೋಟಗಳಲ್ಲಿ ರಬ್ಬರು ಅಗ್ಗವಾಗಿ ಬೆಳೆದದ್ದೇ ಇಕಿಟೋಸಿನ ಸಿರಿ ಕರಗಿತು. ನಮ್ಮ ಸುಳ್ಯ, ಪುತ್ತೂರುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆಯಲ್ಲ, ಅಲ್ಲಿ ಹಾಲು ಇಳಿಸುವ ಎಷ್ಟೋ ಕುಟುಂಬಗಳು 1964ರ ಒಪ್ಪಂದದ ಮೇಲೆ ಸಿಲೋನಿನಿಂದ ಮರಳಿದ ತಮಿಳರು. ಮರವೂ ಸಿಲೋನ್ ದಾರಿಯಲ್ಲಿ ಬಂತು, ಜನರೂ ಅದೇ ದಾರಿಯಲ್ಲಿ ಬಂದರು. ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಅವರ ಪಾಸ್ ಪುಸ್ತಕಗಳನ್ನು ಬರೆಯುತ್ತಿದ್ದಾಗ ಈ ಇಕಿಟೋಸಿನ ಹೆಸರೇ ಕೇಳಿರಲಿಲ್ಲ.

ಬೆಲೆನ್ ಎಂಬ ಕೇರಿಯನ್ನು ಹೇಳದೆ ಬಿಡಲಾರೆ. ಅಲ್ಲಿ ನದಿ ಮಳೆಗಾಲಕ್ಕೂ ಬೇಸಿಗೆಗೂ ಸುಮಾರು ಹತ್ತು ಮೀಟರ್ ಏರಿಳಿಯುತ್ತದೆ. ಹಾಗಾಗಿ ಕೆಲವು ಮನೆಗಳಿಗೆ ಕಂಬದ ಕಾಲು, ಕೆಲವಕ್ಕೆ ಕೆಳಗೆ ಹಗುರ ಮರದ ತೆಪ್ಪ. ನೀರು ಏರಿದರೆ ಮನೆಯೂ ಏರುತ್ತದೆ. ನಾವು ಹೋದಾಗ ನೀರು ಏರುತ್ತಿತ್ತು; ಒಬ್ಬ ಹುಡುಗ ಮನೆಬಾಗಿಲಲ್ಲೇ ದೋಣಿ ಹತ್ತಿ ಪಕ್ಕದ ಮನೆಗೆ ಹೊರಟಿದ್ದ. ಮೇಲಿನ ಸಂತೆಯಲ್ಲಿ ಹೆಂಚಿನ ಬಣ್ಣದ, ಹಾವಿನ ಚರ್ಮದಂಥ ಸಿಪ್ಪೆಯ ಅಗ್ವಾಹೆ ಹಣ್ಣು, ಬಾಳೆಗೊನೆಗಳ ಗುಡ್ಡ. ಬೇಯಿಸಿದ ದೀವಿಹಲಸಿನ ಬೀಜ ಮಾರುವುದನ್ನು ಕಂಡು ಮನೆಯವಳಿಗೆ ತವರು ಕಂಡ ಹಾಗಾಯಿತು. ನಮ್ಮ ಊಟ ಅನ್ನ, ಹುರುಳಿಯಂಥ ಕಾಳು, ಕರಿದ ಬಾಳೆ, ಮತ್ತೆ ಚೋಂಟಾ. ಚೋಂಟಾ ಅಂದರೆ ತಾಳೆ ಜಾತಿಯ ಮರದ ಎಳೆ ತಿರುಳನ್ನು ರಿಬ್ಬನಿನ ಹಾಗೆ ಬಿಡಿಸಿದ್ದು. ನಿಂಬೆಹುಳಿ ಹಿಂಡಿದರೆ ನಮ್ಮ ಬಾಳೆದಿಂಡಿನ ಕೋಸಂಬರಿಯೇ.

ಇಷ್ಟು ನೋಡಿ ನಾಲ್ಕನೆಯ ದಿನ ಮಧ್ಯಾಹ್ನ ಮತ್ತೆ ವಿಮಾನ ನಿಲ್ದಾಣಕ್ಕೆ ಬಂದೆವು. ನಾನು ಈ ಲೇಖನ ಬರೆಯಲು ಕೂತದ್ದು ಆ ಮಧ್ಯಾಹ್ನಕ್ಕಾಗಿ.

ಎರಡು ಗಂಟೆಗೆ ಆಕಾಶ ಕಪ್ಪಾಯಿತು. ಆಮೇಲೆ ಬಂದ ಮಳೆಯನ್ನು ಆಗುಂಬೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಓಡುಹಾದಿಯೇ ಕಾಣದಾಯಿತು. ಲಿಮಾದಿಂದ ಬಂದ ನಮ್ಮ ವಿಮಾನ ಮೋಡದ ಮೇಲೆ ಎರಡು ಸುತ್ತು ಹಾಕಿ, ಇಳಿಯಲಾಗದೆ ತಾರಾಪೋಟೋ ಎಂಬ ಊರಿಗೆ ಹೋಯಿತೆಂದು ಧ್ವನಿವರ್ಧಕದಲ್ಲಿ ಹೇಳಿದರು. ಯಾವಾಗ ಬರುತ್ತದೆಂದು ಹೇಳಲಿಲ್ಲ.

ನಮ್ಮ ಎದುರಿನ ಸಾಲಿನಲ್ಲಿ ಒಬ್ಬ ಮುದುಕರು ಕುಳಿತಿದ್ದರು. ನನ್ನದೇ ವಯಸ್ಸಿರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳು. ಪಕ್ಕದಲ್ಲಿ ಮಗಳು. ಧ್ವನಿವರ್ಧಕದ ಮಾತು ಕೇಳಿದ್ದೇ ಆಕೆ ಎದ್ದು ಕೌಂಟರಿಗೆ ಓಡಿದಳು, ಬಂದಳು, ಮತ್ತೆ ಓಡಿದಳು. ಪುಟ್ಟಿ ಮೆಲ್ಲಗೆ ಅವರ ಪಕ್ಕ ಹೋಗಿ ಕುಳಿತಳು. ಮಕ್ಕಳಿಗೆ ಪರಿಚಯಕ್ಕೆ ಯಾರೂ ಮಧ್ಯಸ್ಥರು ಬೇಡ.

ಅವಳು ತಂದ ಸುದ್ದಿ ಇದು. ಅವರ ಹಳ್ಳಿ ನದಿಯ ಮೇಲೆ ಎರಡು ದಿನದ ದಾರಿ. ಹೃದಯದ ಕಾಯಿಲೆ. ಲಿಮಾದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮರುದಿನ ಬೆಳಿಗ್ಗೆ ಎಂಟಕ್ಕೆ ಬರಹೇಳಿದ್ದಾರೆ. ಈ ಸರದಿ ಸಿಗಲು ಏಳು ತಿಂಗಳು ಕಾದಿದ್ದಾರೆ. ತಪ್ಪಿದರೆ ಮತ್ತೆ ಸರದಿಯ ಕೊನೆಗೆ. ಅವರು ವಿಮಾನ ಹತ್ತುವುದೂ ಇದೇ ಮೊದಲು.

ನಾನು ಸುಮ್ಮನಾದೆ. ನನ್ನ ಊರು ತುಮರಿಯ ಹತ್ತಿರ, ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ನಮಗೆ ಪೇಟೆಯ ದಾರಿ ಮುಳುಗಿತು. ದ್ವೀಪವಲ್ಲದ ಊರು ದ್ವೀಪವಾಯಿತು. ಅದಾಗಿ ಎರಡು ವರ್ಷಕ್ಕೆ, ಆಷಾಢದ ಒಂದು ರಾತ್ರಿ, ಏಳು ವರ್ಷದ ನನ್ನ ತಂಗಿಗೆ ಜ್ವರ ನೆತ್ತಿಗೇರಿತು. ಅಪ್ಪಯ್ಯ ಅವಳನ್ನು ಕಂಬಳಿಯಲ್ಲಿ ಸುತ್ತಿ ದಡಕ್ಕೆ ಹೊತ್ತೊಯ್ದರು, ಹಿಂದೆ ನಾನು ಲಾಟೀನು ಹಿಡಿದು. ಗಾಳಿಗೆ ನೀರು ಸಮುದ್ರದ ಹಾಗೆ ಏಳುತ್ತಿತ್ತು. ದೋಣಿಯವನು ಕೈಮುಗಿದ. ಅವನದೇನೂ ತಪ್ಪಿಲ್ಲ, ಬಿಟ್ಟಿದ್ದರೆ ಎಲ್ಲರೂ ಮುಳುಗುತ್ತಿದ್ದೆವು. ಬೆಳಗಿನ ಹೊತ್ತಿಗೆ ಗಾಳಿ ನಿಂತಿತು. ಆಗ ದೋಣಿ ಬೇಕಾಗಿರಲಿಲ್ಲ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಎರಡೂಕಾಲು ಕಿ.ಮೀ.ಗೂ ಉದ್ದದ ಸೇತುವೆ ತೆರೆದಾಗ ಮಗ ಫೋನಿನಲ್ಲಿ "ನೋಡೋಕೆ ಹೋಗಿದ್ರಾ ಅಪ್ಪ?" ಅಂತ ಕೇಳಿದ್ದ. ಹೋಗಿದ್ದೆ. ನಡುವೆ ಕಾರು ನಿಲ್ಲಿಸಿ ಇಳಿದು ಸ್ವಲ್ಪ ಹೊತ್ತು ನಿಂತಿದ್ದೆ.

ನಿಲ್ದಾಣದಲ್ಲಿ ಮಳೆ ಸುರಿಯುತ್ತಲೇ ಇತ್ತು. ಹೊತ್ತು ಕಳೆಯಲಿ ಎಂದು ಪುಟ್ಟಿ ಶಾಲೆಯಲ್ಲಿ ಓದಿದ ಕಥೆ ಹೇಳತೊಡಗಿದಳು. 1971ರ ಡಿಸೆಂಬರ್ 24. ಲಿಮಾದಿಂದ ಪುಕಾಲ್ಪಾ ಮೇಲೆ ಇದೇ ಇಕಿಟೋಸಿಗೆ ಹೊರಟಿದ್ದ ವಿಮಾನಕ್ಕೆ ಸಿಡಿಲು ಬಡಿದು ಅದು ಗಾಳಿಯಲ್ಲೇ ಒಡೆಯಿತು. ಒಳಗಿದ್ದವರು 92. ಯೂಲಿಯಾನೆ ಕೋಪ್ಕೆ ಎಂಬ ಹದಿನೇಳು ವರ್ಷದ ಹುಡುಗಿ ಸೀಟಿಗೆ ಬಿಗಿದುಕೊಂಡ ಹಾಗೇ ಸುಮಾರು ಮೂರು ಕಿ.ಮೀ. ಎತ್ತರದಿಂದ ಕಾಡಿನೊಳಗೆ ಬಿದ್ದು ಬದುಕಿದಳು. ಅವಳ ಅಪ್ಪ ಅಮ್ಮ ಪ್ರಾಣಿಶಾಸ್ತ್ರಜ್ಞರು. ಕಾಡಿನಲ್ಲಿ ದಾರಿ ತಪ್ಪಿದರೆ ನೀರನ್ನು ಹುಡುಕು, ಅದು ಹರಿಯುವ ಕಡೆಗೇ ನಡೆ, ಜನ ಸಿಗುತ್ತಾರೆ ಎಂದು ಅಪ್ಪ ಕಲಿಸಿದ್ದರು. ಮುರಿದ ಮೂಳೆ, ಹುಳುಬಿದ್ದ ಗಾಯ ಹೊತ್ತು ತೊರೆಯ ಜಾಡಿನಲ್ಲೇ ದಿನಗಟ್ಟಲೆ ನಡೆದು, ಈಜಿ, ಹತ್ತು ದಿನದ ಮೇಲೆ ಮರ ಕಡಿಯುವವರ ಗುಡಿಸಿಲು ಸೇರಿದಳು. ಉಳಿದದ್ದು ಅವಳೊಬ್ಬಳೇ. ಅವಳ ಅಮ್ಮನೂ ಅದೇ ವಿಮಾನದಲ್ಲಿದ್ದರು.

"ವಿಮಾನ ಹತ್ತೋ ಮೊದಲು ಹೇಳೋ ಕಥೆಯಾ ಇದು?" ಎಂದು ಅಜ್ಜಿ ಗದರಿದಳು. ಪುಟ್ಟಿ ಅದೇ ಕಥೆಯನ್ನು ಸ್ಪ್ಯಾನಿಷಿನಲ್ಲಿ ಆ ಮುದುಕರಿಗೂ ಹೇಳಿಬಿಟ್ಟಿದ್ದಳು! ನಾವು ಗಾಬರಿಯಾದೆವು. ಅವರು ನಕ್ಕರು. ತನಗೂ ಆ ಕಥೆ ಗೊತ್ತು, ಆ ಹುಡುಗಿಯ ಅಪ್ಪ ಹೇಳಿಕೊಟ್ಟದ್ದು ಸರಿಯಾಗಿದೆ, ನೀರು ಯಾವತ್ತೂ ಮನುಷ್ಯರ ಕಡೆಗೇ ಹೋಗುತ್ತದೆ ಅಂದರಂತೆ.

ಅವರ ಮಗಳು ಹೇಳಿದ ಇನ್ನೊಂದು ಮಾತನ್ನು ಪುಟ್ಟಿ ಆಮೇಲೆ ತಿಳಿಸಿದಳು. 2020ರಲ್ಲಿ ಕೊರೊನಾ ಬಂದಾಗ ಇಕಿಟೋಸಿನ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದಿತ್ತು. ಆ ಕಾಲ ನಮಗೂ ಗೊತ್ತಲ್ಲ, ಮರುವರ್ಷ ಸಿಲಿಂಡರಿಗಾಗಿ ಬೀದಿಬೀದಿ ಅಲೆದವರು ನಾವು. ಅಲ್ಲಿ ಲಾರಿಯಲ್ಲಿ ತರೋಣವೆಂದರೆ ರಸ್ತೆಯಿಲ್ಲ. ಸಿಲಿಂಡರುಗಳು ಇದೇ ಓಡುಹಾದಿಗೆ ವಿಮಾನದಲ್ಲಿ ಬಂದಿಳಿದವು. ಅಲ್ಲಿನ ಒಬ್ಬ ಪಾದ್ರಿ, ವೈದ್ಯರೂ ಹೌದು, ಜನರ ಮುಂದೆ ಕೈಚಾಚಿ ಹಣ ಕೂಡಿಸಿ ಆಮ್ಲಜನಕ ತಯಾರಿಸುವ ಯಂತ್ರವನ್ನೇ ಊರಿಗೆ ತರಿಸಿದರು. ಆಗ ಈಕೆ ಗಂಡನನ್ನು ಕಳೆದುಕೊಂಡಳು. ವಿಮಾನದ ಸದ್ದು ಕೇಳಿದರೆ ಈಗಲೂ ಹೊರಗೆ ಬಂದು ನೋಡುತ್ತಾಳಂತೆ.

ಸಂಜೆ ಆರೂವರೆಗೆ ಮಳೆ ತೆಳುವಾಯಿತು. ಏಳಕ್ಕೆ ಮೋಡದೊಳಗಿಂದ ಎರಡು ದೀಪ ಕಂಡವು. ಕಾಯುತ್ತಿದ್ದವರೆಲ್ಲ ಎದ್ದು ಗಾಜಿನ ಹತ್ತಿರ ಹೋದರು, ಯಾರೂ ಮಾತಾಡಲಿಲ್ಲ. ಚಕ್ರ ನೆಲಕ್ಕೆ ತಾಗಿ ನೀರು ಚಿಮ್ಮಿದ್ದೇ ಇಡೀ ಹಾಲು ಚಪ್ಪಾಳೆ ತಟ್ಟಿತು. ನನ್ನ ಮನೆಯವಳೂ ತಟ್ಟಿದಳು. ಮದುವೆಯಾಗಿ ನಲವತ್ತೊಂಬತ್ತು ವರ್ಷದಲ್ಲಿ ಅವಳು ಪರಸ್ಥಳದಲ್ಲಿ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿರಲಿಲ್ಲ.

ಮುದುಕರ ಸೀಟು ನಮ್ಮ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ. ವಿಮಾನ ಏರಿದ ಮೇಲೆ ಅವರು ಗಾಜಿಗೆ ಹಣೆ ಒತ್ತಿ ಬಹಳ ಹೊತ್ತು ಕೆಳಗೆ ನೋಡಿದರು. ಪುಟ್ಟಿಯನ್ನು ಕರೆದು ಏನೋ ಕೇಳಿದರು.

"ಏನಂತೆ?"

"ನದಿ ಎಲ್ಲಿ ಅಂತ ಕೇಳ್ತಿದಾರೆ. ಕತ್ತಲೆ, ಕಾಣೋದಿಲ್ಲ ಅಂದೆ."

ಲಿಮಾದಲ್ಲಿ ಇಳಿದಾಗ ರಾತ್ರಿ ಒಂಬತ್ತಾಗಿತ್ತು. ಅವರಿಗೆ ಗಾಲಿಕುರ್ಚಿ ಬಂದಿತ್ತು. ಹೊರಡುವ ಮುನ್ನ ಅವರು ಅಂಗಿಯ ಜೇಬಿನಿಂದ ಎರಡು ಬೀಜ ತೆಗೆದು ಪುಟ್ಟಿಯ ಅಂಗೈಯಲ್ಲಿಟ್ಟರು. ಅರ್ಧ ಕೆಂಪು, ಅರ್ಧ ಕಪ್ಪು. ವೈರೂರೋ ಅಂತ ಹೆಸರು, ಅಲ್ಲಿಯವರು ಅದೃಷ್ಟಕ್ಕೆಂದು ಇಟ್ಟುಕೊಳ್ಳುತ್ತಾರಂತೆ. ಮನೆಯವಳು ಬಗ್ಗಿ ನೋಡಿ, "ಅಯ್ಯೋ, ನಮ್ಮ ಗುಲಗಂಜಿ! ಸ್ವಲ್ಪ ದಪ್ಪ ಅಷ್ಟೇ" ಅಂದಳು. ನಾನು ಕೈಮುಗಿದು ಗ್ರಾಸಿಯಾಸ್ ಅಂದೆ. ಅವರೂ ನನ್ನ ಹಾಗೆಯೇ ಕೈಮುಗಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಾಫಿ ಕುಡಿಯುತ್ತಿದ್ದಾಗ ಪುಟ್ಟಿ ಗಡಿಯಾರ ನೋಡಿ, "ಅಜ್ಜಾ, ಈಗ ಒಳಗೆ ಕರೆದಿರ್ತಾರೆ ಅಲ್ವಾ?" ಅಂದಳು. ಕರೆದಿರುತ್ತಾರೆ ಅಂದೆ. ಅವಳು ಒಂದು ಬೀಜವನ್ನು ತನ್ನ ಕಂಪಾಸು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ನನ್ನ ಕನ್ನಡಕದ ಡಬ್ಬಿಯೊಳಗಿಟ್ಟು ಮುಚ್ಚಿದಳು.